ಹುಳುಕು ಒಬ್ರದ್ದು, ಪೆಟ್ಟು ಇನ್ನೊಬ್ರಿಗೆ

ನೆಟ್‌ವರ್ಕ್‌ನಲ್ಲಿರೋ ಭದ್ರತೆ ಹುಳುಕನ್ನ ಕಂಡುಹಿಡಿದವ್ರು ಎಲ್ಲರ ಮುಂದೆ ಹೇಳ್ಬೇಕಾ, ಇಲ್ಲ ಸಂಬಂಧಪಟ್ಟವ್ರ ಕಿವೀಲಿ ಹೇಳಿ ಸುಮ್ನಿರ್ಬೇಕಾ? ನಾನಿರೋ ನೆದರ್ಲೆಂಡ್ಸ್‌ನಲ್ಲಿ ಸರ್ಕಾರ 2013ರಲ್ಲೇ ಇದಕ್ಕೊಂದು ಗೈಡ್‌ಲೈನ್ ಮಾಡ್ತು. ಮೊದ್ಲು ನಮಗೆ ತಿಳ್ಸಿ, ಸರಿಮಾಡೋಕೆ ಟೈಮ್ ಕೊಡಿ, ಡೇಟಾಗೆ ಕೈ ಹಾಕ್ಬೇಡಿ, ಆಮೇಲೆ ಬೇಕಾದ್ರೆ ಬರ್ಕೊಳ್ಳಿ ಅಂತ. ಸರ್ಕಾರದ್ದೇ ಸಿಸ್ಟಮ್‌ನಲ್ಲಿ ತೂತು ಹುಡುಕಿದವ್ರಿಗೆ 'ಡಚ್ ಸರ್ಕಾರನ ಹ್ಯಾಕ್ ಮಾಡ್ದೆ, ಸಿಕ್ಕಿದ್ದು ಈ ದರಿದ್ರ ಟೀಶರ್ಟ್ ಅಷ್ಟೇ' ಅನ್ನೋ ಟೀಶರ್ಟ್ ಬೇರೆ ಕೊಡ್ತಾರೆ. ಭಾರತದಲ್ಲಿ ಸರ್ಟ್-ಇನ್ ಅನ್ನೋ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಇಂಥ ವರದಿ ತಗೊಳ್ಳುತ್ತೆ ನಿಜ, ಆದ್ರೆ ಐಟಿ ಕಾಯ್ದೆಯ 43ನೇ ಸೆಕ್ಷನ್ನು ಪರ್ಮಿಷನ್ ಇಲ್ದೆ ಬೇರೆಯವ್ರ ಕಂಪ್ಯೂಟರ್ ಒಳಗೆ ಹೋದವ್ರಲ್ಲಿ ಸಂಶೋಧಕರು ಅಂತ ಬೇರೆ ವಿನಾಯ್ತಿ ಕೊಡಲ್ಲ, ಹಂಗಾಗಿ ಗೊತ್ತಿರೋರೂ ನಮಗ್ಯಾಕಪ್ಪಾ ಊರ ಉಸಾಬರಿ ಅಂತ ಬಾಯ್ಮುಚ್ಕೊಂಡಿರ್ತಾರೆ.

ಆದ್ರೆ ಕೆಲವು ಹುಳುಕಿಗೆ ಡಚ್ಚರ ಪದ್ಧತೀನೂ ಸಾಲಲ್ಲ. ಯಾರದೋ ಆ್ಯಪ್‌ನಲ್ಲಿ ಬಗ್ ಇದ್ರೆ ನಷ್ಟ ಆ ಕಂಪನಿಗೇ, ಅದಕ್ಕೇ ಓಡೋಡಿ ಸರಿಮಾಡ್ತಾರೆ. ಐಪಿ ಸ್ಪೂಫಿಂಗ್, ಅಂದ್ರೆ ಕಳಿಸೋನ ಅಡ್ರೆಸ್ ಸುಳ್ಳು ಹಾಕಿ ಡೇಟಾ ಕಳ್ಸೋದು, ಹಂಗಲ್ಲ. ಸುಳ್ಳು ಅಡ್ರೆಸ್ ಹಾಕಿರೋ ಪ್ಯಾಕೆಟ್‌ಗಳನ್ನ (ಡೇಟಾ ತುಣುಕುಗಳನ್ನ) ನಿಮ್ಮ ನೆಟ್‌ವರ್ಕ್ ಗಡಿಯಲ್ಲೇ ಬಿಸಾಕಿ ಅಂತ ಬಿಸಿಪಿ 38 ಅನ್ನೋ ಇಂಟರ್ನೆಟ್ ಮಾರ್ಗಸೂಚಿ ಹೇಳಿದ್ದು 2000ದಲ್ಲಿ, ಇವತ್ತಿಗೂ ಎಷ್ಟೋ ಐಎಸ್‌ಪಿಗಳು (ಇಂಟರ್ನೆಟ್ ಕೊಡೋ ಕಂಪನಿಗಳು) ಮಾಡಿಲ್ಲ, ಯಾಕಂದ್ರೆ ಫಿಲ್ಟರ್ ಹಾಕೋ ಖರ್ಚು ಅವ್ರದ್ದು, ಹಾಕ್ದಿದ್ರೆ ಪೆಟ್ಟು ತಿನ್ನೋನು ಪ್ರಪಂಚದ ಇನ್ಯಾವುದೋ ಮೂಲೇಲಿರ್ತಾನೆ. ಅಂಥವ್ರಿಗೆ ಗುಟ್ಟಾಗಿ ಮೇಲ್ ಹಾಕಿದ್ರೆ ಓದೋರ್ಯಾರು?

ಬಯಲು ಮಾಡಿದ್ರೆ ಕಳ್ಳರಿಗೇ ದಾರಿ ತೋರಿಸ್ದಂಗಲ್ವಾ ಅಂತಾರೆ. ತಳ್ಳಿಹಾಕೋ ಮಾತಲ್ಲ. 2018ರ ಫೆಬ್ರವರಿಯಲ್ಲಿ ಇಂಥ ಸುಳ್ಳು ಅಡ್ರೆಸ್ ಹಾಕಿ, ಮೆಮ್‌ಕ್ಯಾಶ್ಡ್ ಅನ್ನೋ ಡೇಟಾ ಸರ್ವರ್‌ಗಳಿಂದ ಬೇರೆಯವ್ರ ಮೇಲೆ ಟ್ರಾಫಿಕ್ ಸುರಿಸೋ ದಾಳಿ ಬಗ್ಗೆ ವಿವರ ಹೊರಗೆ ಬಂದ ಮಾರನೇ ದಿನಾನೇ ಕೋಡ್ ಇಡೋ ತಾಣ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಟ್ರಾಫಿಕ್ ಸುರೀತು. ಆದ್ರೆ ದಾಳಿಗಳು ಅದಕ್ಕೂ ಮುಂಚೇನೇ ಶುರುವಾಗಿದ್ವು, ಕಳ್ಳರಿಗೆ ಗೊತ್ತಿತ್ತು, ಗೊತ್ತಿಲ್ದೇ ಇದ್ದಿದ್ದು ಸರ್ವರ್ ನಡೆಸೋರಿಗೆ. ಸುದ್ದಿ ಹರಡಿದ್ಮೇಲೇ ದಾಳಿಗೆ ಬಳಸ್ತಿದ್ದ ಯುಡಿಪಿ ಪೋರ್ಟ್ 11211 ಅನ್ನೋ ಬಾಗಿಲನ್ನ ಎಲ್ಲಾ ಕಡೆ ಮುಚ್ಚೋಕೆ ಶುರು ಮಾಡಿದ್ದು.

ಅದಕ್ಕೆ ನನ್ ಲೆಕ್ಕ ಇಷ್ಟು: ರೆಡಿಮೇಡ್ ದಾಳಿ ಸ್ಕ್ರಿಪ್ಟ್ ಹಾಕ್ಬೇಡಿ, ಅದು ಬರೀ ಶೋಕಿ. ಮೊದ್ಲು ಖಾಸಗಿಯಾಗಿ ತಿಳ್ಸಿ, ಗಡುವು ಕೊಡಿ, ಮುಗಿದ್ಮೇಲೆ ನೆಟ್‌ವರ್ಕಿನ ಹೆಸ್ರು ಸಮೇತ ಹಾಕಿ. ಅಮೆರಿಕದ ಕೈಡಾ ಅನ್ನೋ ಇಂಟರ್ನೆಟ್ ಸಂಶೋಧನಾ ತಂಡದವರ ಸ್ಪೂಫರ್ ಪ್ರಾಜೆಕ್ಟ್, ಸ್ಪೂಫಿಂಗ್ ತಡೀದೇ ಇರೋ ನೆಟ್‌ವರ್ಕ್‌ಗಳ ಹೆಸ್ರು ಹಿಂಗೇ ಹಾಕುತ್ತೆ, ಆಕಾಶ ಏನೂ ಕಳಚಿ ಬಿದ್ದಿಲ್ಲ. ಒಬ್ರೋ ಇಬ್ರೋ ಎಂಜಿನಿಯರ್ ಇಟ್ಕೊಂಡಿರೋ ಸಣ್ಣ ಆಪರೇಟರ್‌ಗಳಿಗೆ ಬೇಕಾದ್ರೆ ಇನ್ನೊಂದು ತಿಂಗಳು ಜಾಸ್ತಿ ಕೊಡೋಣ. ದೊಡ್ಡ ಟೆಲಿಕಾಂನವ್ರಿಗೆ ಯಾಕೆ, 2000ದಿಂದ ಟೈಮ್ ಇತ್ತಲ್ಲ.