ಎನ್‌ಬಿಎ ಆಡದ ಕೈಲ್ ಹೈನ್ಸ್ ಬಗ್ಗೆ ಯಾರೂ ‘ಪಾಪ’ ಅನ್ನಬೇಡಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಗುರ ಮಾಡಿಕೊಳ್ಳುತ್ತೇನೆ. ನನ್ನ ಬಾಸ್ಕೆಟ್‌ಬಾಲ್ ಹುಚ್ಚು ಗೊತ್ತಿರುವವರು ಓದಿ, ಉಳಿದವರೂ ಸ್ವಲ್ಪ ಸಹಿಸಿಕೊಳ್ಳಿ.

ಆಟ ಮುಗಿಸಿ ಕೋರ್ಟ್ ಪಕ್ಕ ಕೂತಿದ್ದೆವು. ನಮ್ಮಲ್ಲಿ ಪೋಸ್ಟ್‌ನಲ್ಲಿ, ಅಂದರೆ ಬಾಸ್ಕೆಟ್ ಹತ್ತಿರ, ಆಡುವ ಹುಡುಗನೊಬ್ಬನಿದ್ದಾನೆ. ಎತ್ತರ ಸಾಲದು ಅಂತ ಅವನಿಗೆ ಸದಾ ಕೊರಗು. ಅವನಿಗೆ ಅಮೆರಿಕದ ಆಟಗಾರ ಕೈಲ್ ಹೈನ್ಸ್‌ನ ಹಳೆಯ ವಿಡಿಯೋ ಒಂದನ್ನು ತೋರಿಸಿದೆ. ಕಣ್ಣರಳಿಸಿ ನೋಡಿದ. ಆಮೇಲೆ ಫೋನಿನಲ್ಲಿ ಹೆಸರು ಹುಡುಕಿ, “ಅಣ್ಣ, ಇವನು ಎನ್‌ಬಿಎನಲ್ಲಿ ಒಂದು ಮ್ಯಾಚೂ ಆಡಿಲ್ವಲ್ಲ?” ಅಂದ. ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಲೀಗ್. ಪಕ್ಕದವನು, “ಅಲ್ಲಿ ಚಾನ್ಸ್ ಸಿಗದೆ ಯುರೋಪಿಗೆ ಹೋದವನು, ಪಾಪ” ಅಂತ ಸೇರಿಸಿದ. ವಿಡಿಯೋ ಇನ್ನೂ ಓಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದನ್ನೇ ಹೇಳಿದರು. ಆಟದ ಬಗ್ಗೆ ಬರೆಯುವವರು, ಮಾತಾಡುವವರು ಎಲ್ಲರೂ ಇದೇ ಪಾಠ ಕಲಿಸಿದ್ದಾರೆ. ಅಮೆರಿಕದ ಆಟಗಾರ ಹೊರದೇಶಕ್ಕೆ ಹೋದ ಅಂದರೆ ಸೋತ ಅಂತಲೇ ಲೆಕ್ಕ. ನನ್ನ ಸಿಟ್ಟೆಲ್ಲ ಈ ಲೆಕ್ಕದ ಮೇಲೆ.

ಹೈನ್ಸ್ ನ್ಯೂಜೆರ್ಸಿಯವನು. 1986ರಲ್ಲಿ ಹುಟ್ಟಿದವನು. ಎತ್ತರ ಆರಡಿ ಆರಿಂಚು. ನಮ್ಮ ಕಣ್ಣಿಗೆ ಅದು ಭಾರಿ ಎತ್ತರ, ಆದರೆ ಸೆಂಟರ್ ಆಗಿ, ಅಂದರೆ ಬಾಸ್ಕೆಟ್ ಕಾಯುವ ದೊಡ್ಡ ಆಳಾಗಿ ಆಡುವವನಿಗೆ ಏನೇನೂ ಸಾಲದು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ವಿಶ್ವವಿದ್ಯಾಲಯದ ತಂಡದಲ್ಲಿ ನಾಲ್ಕು ವರ್ಷ ಆಡಿದ. 2000ಕ್ಕೂ ಹೆಚ್ಚು ಪಾಯಿಂಟ್, 1000ಕ್ಕೂ ಹೆಚ್ಚು ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 300ಕ್ಕೂ ಹೆಚ್ಚು ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಕಾಲೇಜು ಆಟದಲ್ಲಿ ಈ ಮೂರೂ ಒಟ್ಟಿಗೆ ಮಾಡಿದವರು ಬೆರಳೆಣಿಕೆಯಷ್ಟು. ಟಿಮ್ ಡಂಕನ್, ಡೇವಿಡ್ ರಾಬಿನ್ಸನ್ ಅವರಂಥ ಎನ್‌ಬಿಎ ದಿಗ್ಗಜರು ಆ ಸಾಲಿನವರು. ಆದರೂ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2008ರ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದರು, ಅದರಲ್ಲಿ ಇವನ ಹೆಸರಿರಲಿಲ್ಲ.

ಇವನು ಮನೆಯಲ್ಲಿ ಕೂರಲಿಲ್ಲ. ಇಟಲಿಗೆ ಹೋದ. ಅದೂ ಅಲ್ಲಿನ ಮೊದಲ ದರ್ಜೆಯ ಲೀಗ್‌ಗೆ ಅಲ್ಲ, ಎರಡನೇ ದರ್ಜೆಯದಕ್ಕೆ. ತಂಡ ವೆರೊಲಿ. ರೋಮ್‌ನಿಂದ ಆಗ್ನೇಯಕ್ಕೆ ಬೆಟ್ಟದ ಮೇಲಿರುವ ಸಣ್ಣ ಊರು. ಅಲ್ಲಿ ಎರಡು ವರ್ಷ. ಆಮೇಲೆ ಜರ್ಮನಿಯ ಬಾಂಬೆರ್ಗ್. ಆ ಒಂದೇ ವರ್ಷದಲ್ಲಿ ಜರ್ಮನ್ ಲೀಗ್, ಜರ್ಮನ್ ಕಪ್ ಎರಡೂ ಗೆದ್ದು ಗ್ರೀಸ್‌ನ ಒಲಿಂಪಿಯಾಕೋಸ್ ಸೇರಿದ. 2012, 2013, ಎರಡು ವರ್ಷ ಸಾಲಾಗಿ ಯುರೋಲೀಗ್ ಗೆದ್ದ. ನಂತರ ಮಾಸ್ಕೋದ ಸಿಎಸ್‌ಕೆಎ ತಂಡದಲ್ಲಿ ಏಳು ವರ್ಷ. ಅಲ್ಲಿ 2016 ಮತ್ತು 2019ರಲ್ಲಿ ಇನ್ನೆರಡು ಯುರೋಲೀಗ್. ಒಟ್ಟು ನಾಲ್ಕು! ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯನ್ನು ನಾಲ್ಕು ಸಲ ಗೆದ್ದವನಿಗೆ ನಾವು ಇಲ್ಲಿ ಕೋರ್ಟ್ ಪಕ್ಕ ಕೂತು ‘ಪಾಪ’ ಅನ್ನುತ್ತಿದ್ದೇವೆ.

ಅವನ ಆಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಚೆಂಡು ಎಲ್ಲಿದೆ ಅಂತ ನೋಡಬೇಡಿ, ಇವನ ಕಾಲು ನೋಡಿ. ಎದುರಾಳಿ ಸೆಂಟರ್, ಏಳಡಿ ಆಳು, ಬಾಸ್ಕೆಟ್ ಹತ್ತಿರ ಜಾಗ ಹಿಡಿಯಲು ಬರುತ್ತಿರುತ್ತಾನೆ. ಹೈನ್ಸ್ ಅಷ್ಟರಲ್ಲಿ ಆ ಜಾಗಕ್ಕೆ ಬಂದು, ಮಂಡಿ ಬಗ್ಗಿಸಿ, ಕಾಲು ಅಗಲಿಸಿ ನಿಂತಿರುತ್ತಾನೆ. ನೆಗೆಯುವುದಿಲ್ಲ, ಕೈ ಬೀಸುವುದಿಲ್ಲ. ತೊಡೆಯ ಬಲದಲ್ಲೇ ಅವನನ್ನು ಅರ್ಧ ಹೆಜ್ಜೆ ಆಚೆ ನಿಲ್ಲಿಸುತ್ತಾನೆ. ಆ ಅರ್ಧ ಹೆಜ್ಜೆಯಿಂದ ಸುಲಭದ ಶಾಟ್ ಕಷ್ಟದ ಶಾಟ್ ಆಗಿಬಿಡುತ್ತದೆ. ಮರುಗಳಿಗೆಗೆ ಚೆಂಡು ಹಿಡಿದ ಚುರುಕಿನ ಗಾರ್ಡ್ ಒಬ್ಬ ಸ್ಕ್ರೀನ್ (ಜೊತೆಗಾರ ಅಡ್ಡ ನಿಂತು ಮಾಡಿಕೊಟ್ಟ ಮರೆ) ಬಳಸಿಕೊಂಡು ನುಗ್ಗುತ್ತಾನೆ. ಹೈನ್ಸ್ ಸ್ವಿಚ್ ಮಾಡಿ, ಅಂದರೆ ತನ್ನ ಆಳನ್ನು ಜೊತೆಗಾರನಿಗೆ ಬಿಟ್ಟು, ಆ ಗಾರ್ಡ್ ಎದುರು ನಿಲ್ಲುತ್ತಾನೆ. ಮೂರು ಪಾಯಿಂಟ್ ಗೆರೆಯ ಹತ್ತಿರ, ದೊಡ್ಡ ಆಳುಗಳು ತಡವರಿಸುವ ಜಾಗದಲ್ಲಿ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ದಾರಿ ಮುಚ್ಚುತ್ತಾನೆ. ಎದುರಾಳಿಯ ಒಂದೇ ದಾಳಿಯಲ್ಲಿ ಏಳಡಿಯವನನ್ನೂ ಆರಡಿಯವನನ್ನೂ ತಡೆಯುವವರು ಜಾಸ್ತಿ ಸಿಗುವುದಿಲ್ಲ. ಯುರೋಲೀಗ್‌ನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವನಿಗೆ ಮೂರು ಸಲ ಬಂತು. 2016, 2018, ಮತ್ತೆ 2022. ಕೊನೆಯ ಸಲ ಅವನಿಗೆ 35 ವರ್ಷ.

ಈಗ ಬರುವ ಮಾತು ಗೊತ್ತು. ‘ಏನೇ ಹೇಳು, ಎನ್‌ಬಿಎ ಎನ್‌ಬಿಎನೇ. ಜಗತ್ತಿನ ದೊಡ್ಡ ಆಟಗಾರರು ಅಲ್ಲಿದ್ದಾರೆ, ದುಡ್ಡೂ ಅಲ್ಲೇ ಇದೆ. ಅಲ್ಲಿ ಆಡದವನನ್ನು ದೊಡ್ಡವನು ಅನ್ನುವುದು ಹೇಗೆ?’

ಎನ್‌ಬಿಎ ದೊಡ್ಡದು, ಒಪ್ಪಿದೆ. ಆದರೆ 2008ರಲ್ಲಿ ಆ ತಂಡಗಳಿಗೆ ಬೇಕಿದ್ದದ್ದು ಎತ್ತರದ ಸೆಂಟರ್. ಏಳು ವರ್ಷ ಕಳೆಯಲಿ, 2015ಕ್ಕೆ ಬನ್ನಿ. ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿ ಚಾಂಪಿಯನ್ ಆಯಿತು. ಅವನ ಎತ್ತರವೂ ಹೆಚ್ಚು ಕಮ್ಮಿ ಹೈನ್ಸ್‌ನಷ್ಟೇ. ಎಲ್ಲರನ್ನೂ ತಡೆಯುವ ಕುಳ್ಳ ಸೆಂಟರ್, ಆಹಾ ಏನು ಹೊಸತು ಅಂತ ಜಗತ್ತೇ ಹೊಗಳಿತು. ಹೈನ್ಸ್ ಆ ಹೊತ್ತಿಗೆ ಅದೇ ಕೆಲಸ ಮಾಡಿ ಎರಡು ಯುರೋಲೀಗ್ ಗೆದ್ದಾಗಿತ್ತು. ಆಟ ಇವನ ಕಡೆಗೆ ಬಂತು, ಬಂದದ್ದು ತಡವಾಗಿ. ಅದರ ಹೊರೆಯನ್ನು ಇವನ ತಲೆಗೇ ಯಾಕೆ ಕಟ್ಟುತ್ತೀರಿ?

ಇನ್ನೊಂದು ಹೆಸರು ಹೇಳುತ್ತೇನೆ, ಪಿಜೆ ಟಕ್ಕರ್. ಅವನೂ ಕುಳ್ಳನೇ. ಎನ್‌ಬಿಎನಲ್ಲಿ ಒಂದು ವರ್ಷ ಆಡಿ ಹೊರಬಿದ್ದ. ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ ಎಲ್ಲ ಸುತ್ತಿದ. ಹೈನ್ಸ್ ಬಾಂಬೆರ್ಗ್ ಬಿಟ್ಟ ಮರುವರ್ಷವೇ ಅಲ್ಲಿಗೆ ಬಂದು ಆಡಿದ. 2012ರಲ್ಲಿ ಎನ್‌ಬಿಎಗೆ ವಾಪಸ್ ಹೋದ, 2021ರಲ್ಲಿ ಮಿಲ್ವಾಕಿ ತಂಡದ ಜೊತೆ ಚಾಂಪಿಯನ್ ಆದ. ಟಕ್ಕರ್ ಅಂದರೆ ನನಗೂ ಇಷ್ಟ. ಆದರೆ ಗಮನಿಸಿ, ಅದೇ ಊರು, ಅದೇ ಲೀಗ್. ಟಕ್ಕರ್ ವಾಪಸ್ ಹೋದನಲ್ಲ, ಅವನ ಯುರೋಪಿನ ವರ್ಷಗಳಿಗೆ ಛಲ, ತಪಸ್ಸು ಅಂತ ಹೆಸರು. ಹೈನ್ಸ್ ಅಲ್ಲೇ ಉಳಿದು ಗೆಲ್ಲುತ್ತಾ ಹೋದ, ಅವನ ವರ್ಷಗಳಿಗೆ ಸೋಲು ಅಂತ ಹೆಸರು. ಇದ್ಯಾವ ನ್ಯಾಯ?

ಹೊರದೇಶದ ಲೀಗ್‌ನಲ್ಲಿ ಬಾಳುವುದು ಸುಲಭ ಅಂತ ಬೇರೆ ಅಂದುಕೊಂಡಿದ್ದಾರೆ. ಬಹಳ ಕಡೆ ಒಪ್ಪಂದ ಒಂದೇ ವರ್ಷದ್ದು. ಹೊರಗಿನ ಆಟಗಾರರಿಗೆ ಇಷ್ಟೇ ಜಾಗ ಅಂತ ಮಿತಿ ಇರುವ ಲೀಗ್‌ಗಳೂ ಇವೆ. ಊರಿನ ಹುಡುಗ ಎರಡು ಮ್ಯಾಚ್ ಕೆಟ್ಟದಾಗಿ ಆಡಿದರೆ ನಡೆಯುತ್ತದೆ, ಹೊರಗಿನವನಿಗೆ ಅಷ್ಟು ಸಲಿಗೆ ಇಲ್ಲ. ಕ್ಲಬ್ಬು ಮನೆ ಕೊಡುತ್ತದೆ, ಕಾರು ಕೊಡುತ್ತದೆ, ಆದರೆ ಸಂಬಳ ತಿಂಗಳುಗಟ್ಟಲೆ ಬಾಕಿ ಇಟ್ಟುಕೊಂಡ ಕ್ಲಬ್ಬುಗಳೂ ಇವೆ. ಆ ತಕರಾರು ಎಷ್ಟು ಬೆಳೆಯಿತು ಅಂದರೆ, ಅದನ್ನು ಬಗೆಹರಿಸಲೆಂದೇ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 2007ರಲ್ಲಿ ಜಿನೀವಾದಲ್ಲಿ ಒಂದು ಪಂಚಾಯ್ತಿ ಮಂಡಳಿ ಮಾಡಬೇಕಾಯಿತು. ಇಂಥ ಕಡೆ ಹೈನ್ಸ್ 16 ಸೀಸನ್ ಆಡಿದ. ನಾಲ್ಕು ದೇಶ, ಐದು ಕ್ಲಬ್. ಒಂದೇ ಕ್ಲಬ್ ಏಳು ವರ್ಷ ಬಿಡದೆ ಇಟ್ಟುಕೊಂಡಿತು ಅಂದರೆ ಸುಮ್ನೆ ಅಲ್ಲ.

ನನಗೆ ಇದು ಇಷ್ಟು ನೋಯುವುದಕ್ಕೆ ಕಾರಣ ಇದೆ, ಹೇಳಿಬಿಡುತ್ತೇನೆ. ಕಾಲೇಜು ದಿನಗಳಲ್ಲಿ ನಾನೂ ಪೋಸ್ಟ್‌ನಲ್ಲೇ ಆಡುತ್ತಿದ್ದೆ. ಎತ್ತರ ಸಾಲದೆಂದು ಎಲ್ಲರೆದುರು ಪಕ್ಕಕ್ಕೆ ನಿಲ್ಲಿಸಿದ್ದರು. ಯಾರು ಅಂತ ಬೇಡ. ಆಗ ನನಗೆ ಹೈನ್ಸ್ ಗೊತ್ತಿದ್ದಿದ್ದರೆ ನಾನೇನು ದೊಡ್ಡ ಆಟಗಾರ ಆಗುತ್ತಿರಲಿಲ್ಲ. ಆದರೆ ಅಷ್ಟು ಬೇಗ ಬಾಲ್ ಕೆಳಗಿಡುತ್ತಿರಲಿಲ್ಲ. ಹಾಗಾಗಿ ಅಂಥದೇ ಇನ್ನೊಬ್ಬ ಹುಡುಗ ಹೈನ್ಸ್‌ನನ್ನು ನೋಡುತ್ತಿದ್ದಾಗ, ‘ಎನ್‌ಬಿಎ ಆಡಿಲ್ವಲ್ಲ’ ಅನ್ನುವ ಒಂದೇ ಮಾತಿಗೆ ಅವನ ಕಣ್ಣಿನ ಹೊಳಪು ಹೋಗಿದ್ದು ಕಂಡು ಸಂಕಟವಾಯಿತು.

ಎನ್‌ಬಿಎ ಮುದ್ರೆಯೇ ಬೇಕು ಅನ್ನುವವರು ಇದನ್ನು ಕೇಳಿ. ಎಟ್ಟೋರೆ ಮೆಸ್ಸಿನಾ ಎಂಬ ಇಟಲಿಯ ಕೋಚ್ ಎನ್‌ಬಿಎಯ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದಲ್ಲಿ ಮುಖ್ಯ ಕೋಚ್ ಪೊಪೊವಿಚ್ ಪಕ್ಕ ವರ್ಷಗಟ್ಟಲೆ ಕೂತಿದ್ದವರು. 2019ರಲ್ಲಿ ಇಟಲಿಯ ಮಿಲಾನ್ ತಂಡಕ್ಕೆ ಬಂದರು. ಮರುವರ್ಷವೇ 33 ದಾಟಿದ್ದ ಹೈನ್ಸ್‌ನನ್ನು ಕರೆಸಿಕೊಂಡರು. ಮೊದಲ ಸೀಸನ್ನಿನಲ್ಲೇ ಮಿಲಾನ್ ಯುರೋಲೀಗ್‌ನ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಹಂತ) ತಲುಪಿತು. ಅದಕ್ಕೂ ಹಿಂದೆ ಆ ತಂಡ ಅಲ್ಲಿಗೆ ಹೋಗಿದ್ದು 1992ರಲ್ಲಿ. ಆಮೇಲೆ 2022, 2023, 2024, ಮೂರು ಸಲ ಇಟಲಿಯ ಲೀಗ್ ಗೆದ್ದು ಹೈನ್ಸ್ ನಿವೃತ್ತನಾದ. ಎರಡನೇ ದರ್ಜೆಯಲ್ಲಿ ಶುರು ಮಾಡಿದ ದೇಶದಲ್ಲೇ ಚಾಂಪಿಯನ್ ಆಗಿ ಮುಗಿಸಿದ.

ಇಷ್ಟು ಹೇಳಿದ ಮೇಲೂ ಅನುಮಾನ ಇದ್ದವರು ಇಸ್ತಾಂಬುಲ್‌ನಲ್ಲಿ ನಡೆದ 2012ರ ಯುರೋಲೀಗ್ ಫೈನಲ್ ನೋಡಿ. ಆಗ ಹೈನ್ಸ್ ಒಲಿಂಪಿಯಾಕೋಸ್‌ನಲ್ಲಿದ್ದ, ಎದುರಿಗಿದ್ದದ್ದು ಸಿಎಸ್‌ಕೆಎ. ಅವರ ಕಡೆ ಎನ್‌ಬಿಎಯ ಯೂಟಾ ಜಾಝ್‌ನಲ್ಲಿ ಹತ್ತು ಸೀಸನ್ ಆಡಿ ಬಂದಿದ್ದ ಕಿರಿಲೆಂಕೊ, ಏಳಡಿಯ ಕ್ರಿಸ್ಟಿಚ್. ಮೂರನೇ ಕ್ವಾರ್ಟರ್‌ನಲ್ಲಿ ಒಲಿಂಪಿಯಾಕೋಸ್ 19 ಪಾಯಿಂಟ್ ಹಿಂದೆ. ಅಲ್ಲಿಂದ ಒಂದೊಂದೇ ಪಾಯಿಂಟ್ ಕೂಡಿಸುತ್ತಾ ಬಂದರು. ಕೊನೆಯಲ್ಲಿ ಒಲಿಂಪಿಯಾಕೋಸ್‌ನ ಸ್ಪನೂಲಿಸ್ ಒಳನುಗ್ಗಿ ಪಾಸ್ ಕೊಟ್ಟ, ಜೊತೆಗಾರ ಪ್ರಿಂಟೆಜಿಸ್ ಒಂಟಿ ಕೈಯಲ್ಲಿ ಬಾಲ್ ತೇಲಿಸಿ ಹಾಕಿದ. ಉಳಿದಿದ್ದದ್ದು ಸೆಕೆಂಡಿನ ಹತ್ತರಲ್ಲಿ ಏಳು ಭಾಗ. 62-61. ಗೆಲ್ಲಿಸಿದ ಪ್ರಿಂಟೆಜಿಸ್ ಕೂಡ ಎನ್‌ಬಿಎನಲ್ಲಿ ಒಂದು ಮ್ಯಾಚೂ ಆಡಿದವನಲ್ಲ. ಆ ಮ್ಯಾಚನ್ನು ಪೂರ್ತಿ ನೋಡಿ, ತುಣುಕು ಬೇಡ. ಆಮೇಲೂ ‘ಪಾಪ’ ಅನ್ನಬೇಕು ಅನಿಸಿದರೆ ನನ್ನ ಗೋಡೆಗೆ ಬನ್ನಿ, ಜಗಳ ಆಡೋಣ.