‘ಯಾಕೆ ಹೀಗಾಯಿತು’ ಎಂದು ಕೇಳುವ ಊರು

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಸುತ್ತಲಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ, ಅಲ್ಲಿನ ಮನೆಗಳಲ್ಲಿ ಕೈಕಾಲು ಸೆಟೆದ, ಮಾತು ಬಾರದ, ಕತ್ತು ನಿಲ್ಲದ ಮಕ್ಕಳು ಹುಟ್ಟಿದಾಗ ಊರು ಮೊದಲು ಹುಡುಕಿದ್ದು ನಾಗದೋಷವನ್ನು, ದೈವದ ಮುನಿಸನ್ನು, ಹಿಂದಿನವರು ಮಾಡಿದ ಪಾಪವನ್ನು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲೂ ಹೀಗೆಯೇ ನಡೆಯಿತು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ, ನಾಗನಿಗೂ ದೈವಕ್ಕೂ ತಂಬಿಲದ ಪೂಜೆ ಕೊಟ್ಟು, ಹರಕೆ ಹೊತ್ತು ದಣಿದವರಿಗೆ ಕೊನೆಗೆ ಹಳ್ಳಿಯ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮುಂತಾದವರು ವಿಷದ ಕಡೆಗೆ ಬೆರಳು ತೋರಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕದ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು, ಮಾಸಾಶನವೂ ಬಂತು. ಬಂದದ್ದು ಸಾಲದು ಎಂಬುದು ಬೇರೆ ಮಾತು. ಆದರೆ ಕಾರಣವೊಂದು ಗೊತ್ತಾದ ಮೇಲೆ ಆ ತಾಯಂದಿರು ಪಾಪ ಮಾಡಿದವರಲ್ಲ, ಅನ್ಯಾಯಕ್ಕೆ ಒಳಗಾದವರು ಎಂದು ಜನ ಒಪ್ಪಿದರು.

ನನ್ನ ತಮ್ಮನ ವಿಷಯದಲ್ಲಿ ಬೆರಳು ತೋರುವುದಕ್ಕೆ ಯಾರೂ ಸಿಗಲಿಲ್ಲ. ನಮ್ಮ ಮನೆ ಯಾವ ಗೇರು ತೋಪಿನ ಹತ್ತಿರವೂ ಇರಲಿಲ್ಲ. ಅವನಿಗೆ ಈಗ ನಲವತ್ತು ದಾಟಿದೆ. ಸ್ನಾನ, ಕ್ಷೌರ, ಊಟ ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕು, ಆಗಾಗ ಫಿಟ್ಸ್ ಬರುತ್ತದೆ. ನಮ್ಮನ್ನು ಹೊಸದಾಗಿ ಕಂಡವರು ಇಂದಿಗೂ ಮೊದಲು ಕೇಳುವುದು ‘ಹುಟ್ಟಿನಿಂದಲೇ ಹೀಗೆಯಾ? ಯಾಕೆ ಹೀಗಾಯಿತು?’ ಎಂದು. ‘ನಿಮಗೆ ನಿದ್ದೆ ಸಿಗುತ್ತದೆಯೇ’ ಎಂದು ನನ್ನ ಅಮ್ಮನನ್ನು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಕಾರಣ ಗೊತ್ತಾದರೆ ಮಾತ್ರ ಕಷ್ಟದಲ್ಲಿ ಪಾಲು ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಈ ಅಭ್ಯಾಸವೇ ನಮ್ಮಂಥ ಮನೆಗಳನ್ನು ಊರಿನೊಳಗೇ ಒಂಟಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ವಿಷದಿಂದ ಬಂದದ್ದಾಗಲಿ, ಹೆರಿಗೆಯ ಹೊತ್ತಿನ ತೊಂದರೆಯಿಂದ ಬಂದದ್ದಾಗಲಿ, ಯಾವ ಕಾರಣವೂ ತಿಳಿಯದೆ ಬಂದದ್ದಾಗಲಿ, ರಾತ್ರಿ ಎರಡು ಗಂಟೆಗೆ ಹಾಸಿಗೆ ಬದಲಿಸುವ ಕೆಲಸ ಎಲ್ಲ ಮನೆಯಲ್ಲೂ ಒಂದೇ.

ಯಾರೂ ನಮ್ಮನ್ನು ಬೈದು ದೂರ ಇಟ್ಟಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಕಡೆಯಲ್ಲಿ ದೂರ ಇಡುವುದು ತುಂಬ ಮರ್ಯಾದೆಯಿಂದ ನಡೆಯುತ್ತದೆ. ಮದುವೆಗೋ ಗೃಹಪ್ರವೇಶಕ್ಕೋ ಹೋದರೆ ಮನೆಯವರು ಬಾಗಿಲಿಗೇ ಬಂದು ಅಮ್ಮನ ಕೈ ಹಿಡಿದು, ‘ಅಕ್ಕಾ, ಮಗನಿಗೆ ಒಳಗಿನ ಕೋಣೆಯಲ್ಲೇ ಎಲೆ ಹಾಕಿಸಿದ್ದೇವೆ, ನಿಮಗೂ ಆರಾಮ’ ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ಕಪಟವಿಲ್ಲ. ಅವನು ಅನ್ನ ಚೆಲ್ಲುತ್ತಾನೆ, ಮಧ್ಯೆ ಜೋರಾಗಿ ಕೂಗುತ್ತಾನೆ, ಪಕ್ಕದ ಎಲೆಯ ಹಪ್ಪಳಕ್ಕೆ ಕೈ ಹಾಕುತ್ತಾನೆ, ಇದೆಲ್ಲ ನಿಜ. ಆದರೆ ಪಂಕ್ತಿಯಲ್ಲಿ ಕೂರುವುದೆಂದರೆ ಹೊಟ್ಟೆ ತುಂಬಿಸಿಕೊಳ್ಳುವುದಷ್ಟೇ ಆಗಿದ್ದರೆ ನಾವು ಮನೆಯಲ್ಲೇ ಉಂಡು ಹೋಗುತ್ತಿದ್ದೆವು. ಬಡಿಸುವವರು ‘ಪಾಯಸ ಹಾಕಲಾ?’ ಎಂದು ಒತ್ತಾಯ ಮಾಡುವುದು, ಎದುರು ಸಾಲಿನವರು ‘ಯಾವಾಗ ಬಂದಿರಿ?’ ಎಂದು ಕೇಳುವುದು, ಒಬ್ಬರು ಏಳುವವರೆಗೆ ಇನ್ನೊಬ್ಬರು ಕಾಯುವುದು, ಇವೆಲ್ಲ ಸೇರಿದ್ದು ಪಂಕ್ತಿ. ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಗನಿಗೆ ತಿನ್ನಿಸುವ ಅಮ್ಮನಿಗೆ ಇದಾವುದೂ ಸಿಗುವುದಿಲ್ಲ. ವರ್ಷಗಳು ಕಳೆದಂತೆ ಅಮ್ಮ ತಾನಾಗಿಯೇ ‘ನಾವು ಬರುವುದಿಲ್ಲ, ನೀನು ಹೋಗಿ ಮುಯ್ಯಿ ಕೊಟ್ಟು ಬಾ’ ಎನ್ನುವುದನ್ನು ಕಲಿತರು. ಊರಿಗೆ ಅದು ಅವರ ತಿಳುವಳಿಕೆಯಾಗಿ ಕಂಡಿತು.

ಹೆಣ್ಣು ನೋಡಲು ಬರುವವರ ಕಣ್ಣಿಗೆ ಬೀಳದಂತೆ ಇಂಥ ಅಣ್ಣನನ್ನೋ ತಮ್ಮನನ್ನೋ ಸೋದರಮಾವನ ಮನೆಗೆ ಕಳಿಸುವ ಪದ್ಧತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಗೊತ್ತಿರುವವರಿಗೆ ಗೊತ್ತಿದೆ. ‘ಇದು ವಂಶದಲ್ಲಿ ಇದೆಯೇ?’ ಎಂಬ ಪ್ರಶ್ನೆಗೆ ಹೆದರಿ ಮರೆಮಾಚಿದ ಮನೆಗಳನ್ನು ದೂರುವುದು ಸುಲಭ, ಆ ಪ್ರಶ್ನೆ ಕೇಳುವ ಅಧಿಕಾರ ಯಾರು ಕೊಟ್ಟರು ಎಂದು ವಿಚಾರಿಸುವುದು ಕಷ್ಟ.

ಇನ್ನೊಂದು ವಿಷಯ ಹೊಗಳಿಕೆ. ‘ನೀವು ದೇವತೆಯಂಥವರು, ನಮ್ಮಿಂದ ಆಗುತ್ತಿರಲಿಲ್ಲ’ ಎನ್ನುವವರಿಗೆ ಅಮ್ಮ ಸುಮ್ಮನೆ ನಗುತ್ತಾರೆ. ಅಮ್ಮ ದೇವತೆಯಲ್ಲ. ಮಂಡಿನೋವಿರುವ, ಎಪ್ಪತ್ತು ದಾಟಿದ, ಕೆಲವು ದಿನ ಮಗನ ಮೇಲೆ ರೇಗುವ ಒಬ್ಬ ಹೆಂಗಸು. ಮಗನನ್ನು ಬಿಟ್ಟು ಕೂಲಿಗೆ ಹೋಗಲಾಗದೆ ಅವನ ಚಾಪೆಯ ಪಕ್ಕದಲ್ಲೇ ಕೂತು ಬೀಡಿ ಕಟ್ಟಿ ನಮ್ಮಿಬ್ಬರನ್ನೂ ಸಾಕಿದವರು. ದೇವತೆ ಎಂದು ಕರೆದುಬಿಟ್ಟರೆ ಅವರಿಗೆ ಸಂಬಳ, ರಜೆ, ಚಿಕಿತ್ಸೆ, ಬದಲಿ ಆಳು ಯಾವುದೂ ಬೇಕಿಲ್ಲ ಎಂದು ಸಮಾಜ ತಾನೇ ತೀರ್ಮಾನಿಸಿಕೊಳ್ಳುತ್ತದೆ. ಹೊಗಳಿಕೆಗೆ ಇಷ್ಟು ಲಾಭವಿದೆ ಎಂದು ಎಲ್ಲರಿಗೂ ಒಳಗೊಳಗೇ ಗೊತ್ತಿದೆ ಎಂದೇ ನನ್ನ ಗುಮಾನಿ.

ಕಾನೂನು ಈ ವಿಷಯದಲ್ಲಿ ಊರಿಗಿಂತ ಮುಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಅಂಗವಿಕಲರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎಂಬುದನ್ನು ಹೇಳುವವರು ಕಡಿಮೆ. ಆರೈಕೆ ಮಾಡುವವರು ಎಂಬ ವಿವರಣೆಯಲ್ಲಿ ಹಣ ಪಡೆಯದೆ ದುಡಿಯುವ ತಂದೆತಾಯಿಗಳನ್ನೂ ಮನೆಯವರನ್ನೂ ಅದು ಸೇರಿಸಿದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತನ್ನೂ ಆಡಿದೆ. ಆದರೆ ಆ ಭಾಗ ಆರಂಭವಾಗುವುದೇ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತಿನೊಂದಿಗೆ. ಕೇರಳ ‘ಆಶ್ವಾಸಕಿರಣಂ’ ಎಂಬ ಯೋಜನೆಯಲ್ಲಿ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿದೆ. 600 ರೂಪಾಯಿಗೆ ತಿಂಗಳ ಡೈಪರ್ ಸಹ ಬರುವುದಿಲ್ಲ, ಆದರೂ ಅಮ್ಮ ಮಾಡುತ್ತಿರುವುದು ಕೆಲಸ ಎಂದು ಒಂದು ಸರ್ಕಾರ ಕಾಗದದ ಮೇಲೆ ಬರೆಯಿತಲ್ಲ, ಅದಕ್ಕೆ ಬೆಲೆ ಇದೆ. ಆದಾಯ ತೆರಿಗೆಯಲ್ಲಿ 75,000 ರೂಪಾಯಿಯ, ತೀವ್ರ ಅಂಗವೈಕಲ್ಯವಿದ್ದರೆ 1,25,000 ರೂಪಾಯಿಯ ವಿನಾಯಿತಿ ಇದೆ ಎಂದು ನೆನಪಿಸುವ ಸ್ನೇಹಿತರಿಗೆ, ಬೀಡಿ ಕಟ್ಟುವವರು ತೆರಿಗೆ ಕಟ್ಟುವಷ್ಟು ಗಳಿಸುವುದಿಲ್ಲ ಎಂದು ನೆನಪಿಸಬೇಕಾಗುತ್ತದೆ.

ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ತಾಯಿ ಅವನ ಪಾಲಕಿಯಲ್ಲ ಎಂಬುದು ಎಷ್ಟೋ ಮನೆಗಳಿಗೆ ತಿಳಿಯುವುದು ಬ್ಯಾಂಕಿನ ಕಿಟಕಿಯ ಮುಂದೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದರೆ ಪಾಲಕತ್ವದ ಪ್ರಮಾಣಪತ್ರ ಸಿಗುತ್ತದೆ. ನಾವು ಅರ್ಜಿ ಹಾಕಿದಾಗ ಅಮ್ಮನ ಹೆಸರಿನ ಜೊತೆಗೆ ಅಕ್ಕನಾದ ನನ್ನ ಹೆಸರನ್ನೂ ಸೇರಿಸಲು ಹೇಳಿ ಎಂದು ತಿಳಿದವರೊಬ್ಬರು ಸಲಹೆ ಕೊಟ್ಟರು, ಅದು ಒಳ್ಳೆಯ ಸಲಹೆ. ಆದರೆ ‘ನಾನು ಹೋದ ಮೇಲೆ ಇವನಿಗೆ ಯಾರು?’ ಎಂಬ ಅಮ್ಮನ ಪ್ರಶ್ನೆಗೆ ಪ್ರಮಾಣಪತ್ರ ಒಂದು ಹೆಸರನ್ನು ಮಾತ್ರ ಕೊಡುತ್ತದೆ. ಆ ಹೆಸರಿನವಳಿಗೂ ವಯಸ್ಸಾಗುತ್ತದೆ, ಅವಳಿಗೂ ಜ್ವರ ಬರುತ್ತದೆ. ಒಬ್ಬಳು ಹೆಂಗಸಿನ ಬದಲು ಇನ್ನೊಬ್ಬಳು ಹೆಂಗಸನ್ನು ಕೂರಿಸುವುದನ್ನೇ ವ್ಯವಸ್ಥೆ ಎಂದು ಕರೆಯುವುದಕ್ಕೆ ನಾನು ಒಪ್ಪುವುದಿಲ್ಲ.

ನಮಗೆ ಬೇಕಾಗಿರುವುದು ದೊಡ್ಡ ಆಶ್ರಮವಲ್ಲ. ನಗರದ ಹೊರವಲಯದಲ್ಲಿ ಗೋಡೆ ಕಟ್ಟಿ ಒಳಗೆ ಸೇರಿಸುವುದು ಅದೇ ಒಳಕೋಣೆಯ ಎಲೆಯ ಇನ್ನೊಂದು ರೂಪ. ವಾರದಲ್ಲಿ ಎರಡು ಮಧ್ಯಾಹ್ನ ತರಬೇತಿ ಪಡೆದ ಒಬ್ಬರು ಮನೆಗೆ ಬಂದು ಕೂತರೆ ಅಮ್ಮ ವೈದ್ಯರ ಹತ್ತಿರ ಹೋಗಬಹುದು, ತಂಗಿಯ ಮನೆಗೆ ಹೋಗಿ ಬರಬಹುದು, ಬಾಗಿಲು ಹಾಕಿಕೊಂಡು ಮಲಗಬಹುದು. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಅಡಿಪಾಯ ಇಲ್ಲದೇ ಇಲ್ಲ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಿಗೆ ಸಿಗುವುದು ಅಲ್ಪ ಗೌರವಧನ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಆ ಹಣ ಬಹುಪಾಲು ವರ್ಷಕ್ಕೊಮ್ಮೆ ಗಾಲಿಕುರ್ಚಿಯನ್ನೋ ನೀರಿನ ಟ್ಯಾಂಕನ್ನೋ ಹಂಚಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಮುಗಿಯುವುದನ್ನು ನಾನು ಕಂಡಿದ್ದೇನೆ. ಬದಲಿ ಆರೈಕೆಗೆ ಅದರಲ್ಲಿ ಒಂದು ಪಾಲು ಕೊಡಬಹುದೇ ಎಂದು ನಮ್ಮ ಪಂಚಾಯಿತಿಯಲ್ಲಿ ವಿಚಾರಿಸಿದಾಗ ‘ಅಂಥ ಖರ್ಚಿಗೆ ದಾರಿ ಇಲ್ಲ ಮೇಡಂ, ಹಿಂದೆ ಯಾರೂ ಕೇಳಿಲ್ಲ’ ಎಂಬ ಉತ್ತರ ಬಂತು. ಹಿಂದೆ ಕೇಳಬೇಕಾಗಿದ್ದವರು ಮನೆ ಬಿಟ್ಟು ಸಭೆಗೆ ಬರುವ ಸ್ಥಿತಿಯಲ್ಲಿರಲಿಲ್ಲ ಎಂದು ನಾನು ಹೇಳಿದೆ.

ಈ ಬಾರಿಯ ಗ್ರಾಮಸಭೆಗೆ ನಾವು ನಾಲ್ಕು ಮನೆಯವರು ಸೇರಿ ಲಿಖಿತ ಅರ್ಜಿ ಕೊಡುತ್ತಿದ್ದೇವೆ, ಅದರಲ್ಲೊಂದು ಎಂಡೋಸಲ್ಫಾನ್ ಪೀಡಿತರ ಮನೆ. ಅರ್ಜಿಯಲ್ಲಿ ಯಾರ ಮಗನಿಗೆ ಯಾಕೆ ಹೀಗಾಯಿತು ಎಂಬ ವಿವರ ಇರುವುದಿಲ್ಲ, ಯಾರಿಗೆ ವಾರಕ್ಕೆ ಎಷ್ಟು ಹೊತ್ತು ಆಳು ಬೇಕು ಎಂಬ ಪಟ್ಟಿ ಇರುತ್ತದೆ. ನಿಮ್ಮ ಪಂಚಾಯಿತಿಯಲ್ಲೂ ಕೊಡುವುದಿದ್ದರೆ ತಿಳಿಸಿ, ನಮ್ಮ ಅರ್ಜಿಯ ನಕಲನ್ನು ಕಳಿಸುತ್ತೇನೆ.