ಸತ್ಯಾಂಶ: ಚಿತ್ರದ ಕಣ್ಣು ನಮ್ಮ ಹಿಂದೆಯೇ ಬರುತ್ತದೆಯೇ?

ಮೋನಾಲಿಸಾ ಚಿತ್ರದಲ್ಲಿ ರಹಸ್ಯ ತಂತ್ರವಿದೆ, ಅದಕ್ಕೇ ಎಲ್ಲಿ ನಿಂತರೂ ಅವಳು ನಿಮ್ಮನ್ನೇ ನೋಡುತ್ತಾಳೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಅರಮನೆಯ ಭಾವಚಿತ್ರ, ದೇವರ ಪಟಗಳ ಬಗ್ಗೆಯೂ ಇದೇ ಮಾತು. ಅನೇಕರಿಗೆ ಹಾಗೆ ಅನಿಸುವುದು ನಿಜ. ರಹಸ್ಯ ತಂತ್ರ ಎಂಬುದು ಮಾತ್ರ ತಪ್ಪು.

ಚಿತ್ರದೊಳಗಿನ ಆಳ ನೆರಳು-ಬೆಳಕಿನಿಂದ ಹುಟ್ಟಿಸಿದ್ದು. ಮೋನಾಲಿಸಾ ಚಿತ್ರವನ್ನು ಬರೆದ ಪಾಪ್ಲರ್ ಮರದ ಹಲಗೆ ಚಪ್ಪಟೆಯೇ. ಶಿಲ್ಪದ ಸುತ್ತ ನಡೆದರೆ ಕೆನ್ನೆ, ಕಿವಿ, ಬೆನ್ನು ಒಂದೊಂದಾಗಿ ಕಾಣುತ್ತವೆ. ಚಿತ್ರದ ಪಕ್ಕಕ್ಕೆ ಸರಿದರೆ ಹೊಸದೇನೂ ಕಾಣುವುದಿಲ್ಲ. ಕಣ್ಣಿನ ಬಿಳಿಯ ನಡುವೆ ಬರೆದ ಪಾಪೆ ನಡುವೆಯೇ ಉಳಿಯುತ್ತದೆ. ಹಾಗಾಗಿ ನೇರ ನೋಟ ಎಲ್ಲಿಂದ ನೋಡಿದರೂ ನೇರವೇ.

ನೀವೇ ಪರೀಕ್ಷಿಸಬಹುದು. ಕ್ಯಾಮೆರಾವನ್ನೇ ನೋಡುತ್ತಾ ತೆಗೆಸಿಕೊಂಡ ಪಾಸ್‌ಪೋರ್ಟ್ ಫೋಟೋವನ್ನು ಗೋಡೆಗೆ ಅಂಟಿಸಿ ಎಡಕ್ಕೂ ಬಲಕ್ಕೂ ನಡೆಯಿರಿ. ಅದೂ ಹಿಂಬಾಲಿಸುತ್ತದೆ! ಬೇರೆಡೆ ನೋಡುತ್ತಿರುವ ಫೋಟೋ ಇಟ್ಟರೆ ಎಲ್ಲಿ ನಿಂತರೂ ಕಣ್ಣಿಗೆ ಕಣ್ಣು ಸೇರದು. ಇಂಥ ಯಾವುದೇ ಸಂದೇಶ ಬಂದಾಗ ಮೊದಲು ಕೇಳಬೇಕಾದ್ದು ಇದು: ಸಾಧಾರಣ ಚಿತ್ರದಲ್ಲೂ ಹೀಗೇ ಆಗುತ್ತದೆಯೇ?

ಇನ್ನೊಂದು ಸ್ವಾರಸ್ಯವಿದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಳೆದಾಗ, ಮೋನಾಲಿಸಾಳ ನೋಟ ನೋಡುಗರ ಮೇಲೆ ಅಲ್ಲ, ಸರಾಸರಿ 15 ಡಿಗ್ರಿಯಷ್ಟು ಅವರ ಬಲಕ್ಕೆ ಬೀಳುತ್ತಿತ್ತು.